ಕಾರ್ ಎಸಿ ಪೈಪ್ ಬದಲಾಯಿಸಿದ್ದು, ಬೆಂಗಳೂರಿನ ಜೆಸಿ ರೋಡ್ ಗಲ್ಲಿ ಅಂಗಡಿ: ಗ್ಯಾಸ್ ತುಂಬಿಸಿ ತುಂಬಿಸಿ ಸಾಕಾದವರು ಓದಿ

ಮೊದಲೇ ಹೇಳ್ಬಿಡ್ತೀನಿ, ಐದಕ್ಕೆ ನಾಲ್ಕು ಸ್ಟಾರ್. ಕೆಲಸಕ್ಕೆ ಮಾತ್ರ ಅಂದ್ರೆ ಐದೂ ಕೊಡ್ತಿದ್ದೆ, ಆ ಒಂದನ್ನ ಯಾಕೆ ಹಿಡ್ಕೊಂಡೆ ಅಂತ ಕೆಳಗೆ ಬರೆದಿದೀನಿ. ಈ ಅಂಗಡಿಯವ್ರು ಕಾರ್ ಎಸಿ ಬಿಟ್ಟು ಬೇರೆ ಏನೂ ಮಾಡಲ್ಲ, ಬ್ರೇಕು ಕ್ಲಚ್ಚು ಅಂತ ಕೇಳಿದ್ರೆ ಪಕ್ಕದ ಅಂಗಡಿ ಕಡೆ ಕೈ ತೋರಿಸ್ತಾರೆ. ನಾನು ಮಾಡಿಸಿದ್ದು ಡಿಸ್ಚಾರ್ಜ್ ಪೈಪ್, ಅಂದ್ರೆ ಕಂಪ್ರೆಸರ್‌ನಿಂದ ಕಂಡೆನ್ಸರ್‌ಗೆ ಹೋಗೋ ರಬ್ಬರ್ ಹೋಸು. ಒಟ್ಟು ಬಿಲ್ 5,050. ಅದ್ರಲ್ಲಿ ಹೋಸ್ ಹೊಸದಾಗಿ ಮಾಡಿದ್ದಕ್ಕೆ 1,900, ಗ್ಯಾಸು ಆಯಿಲ್ಲು ವ್ಯಾಕ್ಯೂಮು (ಪಂಪ್‌ನಲ್ಲಿ ಒಳಗಿನ ಗಾಳಿ ಎಳೆದು ತೆಗೆಯೋದು) ಎಲ್ಲಾ ಸೇರಿ 1,600, ಡ್ರೈಯರ್ (ಒಳಗಿನ ನೀರಿನ ಪಸೆ ಹೀರೋ ಭಾಗ) 650, ಲೇಬರ್ 900. ಓ ರಿಂಗ್‌ಗೆ, ಅಂದ್ರೆ ಜಾಯಿಂಟ್‌ನಲ್ಲಿ ಕೂರೋ ರಬ್ಬರ್ ಉಂಗುರಕ್ಕೆ, ಬೇರೆ ದುಡ್ಡು ಹಾಕಿಲ್ಲ.

ಕಾರ್ ಯಾವ್ದು ಅಂತ ಕೇಳ್ಬೇಡಿ, ಒಂದು 2013ರ ಪೆಟ್ರೋಲ್ ಹ್ಯಾಚ್‌ಬ್ಯಾಕು ಅಂದ್ಕೊಳ್ಳಿ. ಹತ್ತು ವರ್ಷ ದಾಟಿದ ಯಾವ ಕಂಪನಿ ಕಾರಿಗಾದ್ರೂ ಈ ಕಥೆ ಬರಬಹುದು.

ಸಮಸ್ಯೆ ಹಳೇದೇ. ಪ್ರತಿ ಬೇಸಿಗೆ ಶುರುವಾಗೋ ಹೊತ್ತಿಗೆ ಎಸಿ ತಣ್ಣಗೆ ಬರಲ್ಲ, ನಮ್ಮ ಏರಿಯಾದಲ್ಲಿ ಒಬ್ರು ಎಸಿಯವ್ರು ಇದಾರೆ (ಹೆಸರು ಬೇಡ), ಅವ್ರ ಹತ್ರ ಹೋದ್ರೆ ಬಾನೆಟ್ ಎತ್ತಿ ಪ್ರೆಶರ್ ಗೇಜ್ ಸಿಕ್ಕಿಸಿ "ಗ್ಯಾಸ್ ಖಾಲಿಯಾಗಿದೆ ಸಾರ್" ಅಂತ ಒಂದೇ ಡೈಲಾಗು, ಅರ್ಧ ಗಂಟೆಯಲ್ಲಿ ತುಂಬಿಸಿ ಕಳಿಸ್ತಾರೆ. ಮಳೆಗಾಲ ಬರೋವರೆಗೆ ಓಡುತ್ತೆ, ಆಮೇಲೆ ಯಾರಿಗೆ ಎಸಿ ಬೇಕು, ಮರ್ತೇ ಹೋಗುತ್ತೆ, ಮುಂದಿನ ಬೇಸಿಗೆಗೆ ಮತ್ತೆ ಅದೇ ಡೈಲಾಗು. ಅವರಿಗೂ ಒಳ್ಳೇ ಸಂಪಾದನೆ. ಬೆಂಗಳೂರಿನಲ್ಲಿ ಕಿಟಕಿ ಇಳಿಸಿಕೊಂಡು ಕಾಲ ಹಾಕ್ಬಹುದಿತ್ತು ಒಂದು ಕಾಲದಲ್ಲಿ, ಈಗ ಅದೂ ಇಲ್ಲ, 2024ರ ಏಪ್ರಿಲ್‌ನಲ್ಲಿ ಇಲ್ಲೇ 38 ಡಿಗ್ರಿ ದಾಟಿತ್ತು ನೆನಪಿರಬೇಕಲ್ಲ. ಅದೂ ಅಲ್ದೆ ನಮ್ಮ ಮನೆಯವ್ರ ತವರು ರಾಯಚೂರು. ಹೋದ ಸಲ ಅಲ್ಲಿ ಮಾವನವ್ರನ್ನ ಕೂರಿಸ್ಕೊಂಡು ಮಾರ್ಕೆಟ್‌ಗೆ ಹೋದಾಗ ಅವರು ಪಾಪ ಟವೆಲ್‌ನಲ್ಲಿ ಮುಖ ಒರೆಸ್ಕೊಂಡು "ಏನ್ರಿ ಅಳಿಯಂದ್ರ, ಎಸಿ ಹಾಕೀನಿ ಅಂತೀರಿ, ಉರಿಗಾಳಿ ಬರ್ಲಿಕ್ಕತ್ತದಲ್ರಿ" ಅಂದ್ರು. ಅಲ್ಲಿಂದ ವಾಪಸ್ ಬಂದ್ಮೇಲೆ ಇದಕ್ಕೊಂದು ಗತಿ ಕಾಣಿಸ್ಲೇಬೇಕು ಅಂತ ಹೊರಟೆ.

ಸರ್ವಿಸ್ ಸೆಂಟರ್‌ಗೂ ಹೋಗಿದ್ದೆ, ಸುಳ್ಳು ಯಾಕೆ ಹೇಳ್ಲಿ. ಯಾವ ಸೆಂಟರ್ ಅಂತ ಬರೆಯಲ್ಲ. ಅಲ್ಲಿ ಅಡ್ವೈಸರ್ ಟ್ಯಾಬ್ ಹಿಡ್ಕೊಂಡು ಬಂದು ಕಂಡೆನ್ಸರ್, ಎರಡೂ ಪೈಪು, ಗ್ಯಾಸು ಎಲ್ಲಾ ಸೇರಿಸಿ 18 ಸಾವಿರದ ಚಿಲ್ಲರೆ ಎಸ್ಟಿಮೇಟ್ ಕೈಗೆ ಕೊಟ್ರು. ಲೀಕ್ ಎಲ್ಲಿದೆ ತೋರ್ಸಿ ಅಂದ್ರೆ "ಸರ್ ಇಷ್ಟು ಹಳೇ ಗಾಡಿ ಅಲ್ವಾ, ಎಲ್ಲಾ ಚೇಂಜ್ ಮಾಡಿದ್ರೆ ಸೇಫು" ಅಂತ. ಎಲ್ಲಿ ನೋವು ಅಂತ ಹುಡುಕದೆ ಔಷಧಿ ಬರೆದುಕೊಟ್ರೆ ಹೆಂಗೆ ಒಪ್ಕೊಳ್ಳೋದು.

ಇಲ್ಲಿ ಒಂದು ಮಾತು ಹೇಳ್ಲೇಬೇಕು, ಯಾಕಂದ್ರೆ ಇದು ಗೊತ್ತಿಲ್ದೆ ಎಷ್ಟೋ ಜನ ದುಡ್ಡು ಕಳ್ಕೊಳ್ತಿದಾರೆ. ಎಸಿ ಗ್ಯಾಸು ಪೆಟ್ರೋಲ್ ಥರ ಉರಿದು ಮುಗಿಯೋದಲ್ಲ. ಅದೇ ಗ್ಯಾಸು ಒಳಗಡೆನೇ ಸುತ್ತುತ್ತಾ ಇರುತ್ತೆ: ಕಂಪ್ರೆಸರ್ ಒತ್ತುತ್ತೆ, ಕಂಡೆನ್ಸರ್‌ನಲ್ಲಿ ಬಿಸಿ ಬಿಟ್ಟು ದ್ರವ ಆಗುತ್ತೆ, ಎಕ್ಸ್‌ಪಾನ್ಶನ್ ವಾಲ್ವ್ ದಾಟಿ ಕೂಲಿಂಗ್ ಕಾಯಿಲ್‌ನಲ್ಲಿ ಆವಿಯಾಗಿ ಕ್ಯಾಬಿನ್ ಬಿಸಿ ಹೀರುತ್ತೆ, ಮತ್ತೆ ಕಂಪ್ರೆಸರ್‌ಗೆ. ಹತ್ತು ವರ್ಷದಲ್ಲಿ ಒಂಚೂರು ಕಮ್ಮಿ ಆಗೋದು ಸಹಜ, ರಬ್ಬರ್ ಮೂಲಕ ಹನಿಹನಿಯಾಗಿ ಸೋರುತ್ತೆ. ಆದ್ರೆ ವರ್ಷಕ್ಕೊಂದ್ಸಲ ಖಾಲಿ ಅಂದ್ರೆ ಎಲ್ಲೋ ತೂತಿದೆ ಅಂತಾನೇ ಅರ್ಥ, ಲೀಕ್ ಮುಚ್ಚದೆ ಗ್ಯಾಸ್ ಹಾಕೋದು ತೂತು ಬಿಂದಿಗೆಗೆ ನೀರು ಹೊತ್ತಂಗೆ. ಅದಕ್ಕಿಂತ ಕೆಟ್ಟದ್ದು ಇನ್ನೊಂದಿದೆ. ಕಂಪ್ರೆಸರ್‌ಗೆ ಬೇಕಾದ ಆಯಿಲ್ ಬೇರೆ ಎಲ್ಲೂ ಇಲ್ಲ, ಗ್ಯಾಸ್ ಜೊತೆಗೇ ಓಡಾಡ್ತಿರುತ್ತೆ, ಗ್ಯಾಸ್ ಸೋರಿದಾಗ ಅದೂ ಸ್ವಲ್ಪ ಸ್ವಲ್ಪ ಸೋರುತ್ತೆ. ಬರೀ ಗ್ಯಾಸ್ ತುಂಬಿಸ್ತಾ ಹೋದ್ರೆ ಒಂದಿನ ಕಂಪ್ರೆಸರ್ ಒಣಗಿ ಜಾಮ್ ಆಗುತ್ತೆ, ಆಗ ಮಾತು ನೇರ ಐದಂಕಿಗೆ.

ಈಗ ಅಂಗಡಿ ವಿಷ್ಯ. ಟೌನ್ ಹಾಲ್ ಕಡೆಯಿಂದ ಬಂದು ಜೆಸಿ ರೋಡ್‌ನಲ್ಲಿ ಮಿನರ್ವ ಸರ್ಕಲ್ ಕಡೆ ಹೋಗ್ತಾ ಒಳಗೆ ತಿರುಗ್ಬೇಕು. ಜೆಸಿ ರೋಡ್ ಗೊತ್ತಿದ್ದವರಿಗೆ ಹೇಳ್ಬೇಕಾಗಿಲ್ಲ, ಸೀಟ್ ಕವರ್, ಹಾರ್ನು, ಬಂಪರ್ರು, ಗ್ಲಾಸು, ಕಾರಿನದು ಏನು ಬೇಕಾದ್ರೂ ಅಲ್ಲಿ ಸಿಗುತ್ತೆ, ನಿಲ್ಲಿಸೋಕೆ ಜಾಗ ಮಾತ್ರ ಸಿಗಲ್ಲ. ನೀವು ಇಂಡಿಕೇಟರ್ ಹಾಕಿದ ತಕ್ಷಣ ಫುಟ್‌ಪಾತ್‌ನಿಂದ ಇಬ್ರು ಮೂವರು ಹುಡುಗ್ರು ಓಡ್ಬಂದು "ಏನ್ ಬೇಕು ಸಾರ್, ಸನ್ ಫಿಲ್ಮಾ, ಸೀಟ್ ಕವರಾ" ಅಂತ ಕಿಟಕಿಗೆ ಅಂಟ್ಕೊಳ್ತಾರೆ, ಅವರ ಮಾತು ಕೇಳ್ಬೇಡಿ, ಸೀದಾ ಒಳಗೆ ಹೋಗಿ. ಈ ಅಂಗಡಿ ಅಂದ್ರೆ ಒಂದು ಶಟರ್ ಅಗಲ ಅಷ್ಟೇ, ಒಳಗೆ ಮೆಷಿನ್ನು, ಗೋಡೆ ತುಂಬಾ ಹಳೇ ಪೈಪ್ ನೇತಾಡ್ತಿವೆ, ಕಾರು ರಸ್ತೆಯಲ್ಲೇ ನಿಲ್ಬೇಕು. ಬೋರ್ಡ್ ಬಣ್ಣ ಹೋಗಿದೆ. ನೋಡಿದ್ರೆ ಒಳಗೆ ಕಾಲಿಡೋಕೂ ಮನಸ್ಸು ಬರಲ್ಲ, ಆದ್ರೆ ಹೊರಗೆ ಟ್ಯಾಕ್ಸಿಯವರ ಸಾಲು ಇತ್ತು. ದಿನಾ ಗಾಡಿ ಓಡ್ಸಿ ಬದುಕೋರು ಸುಮ್ನೆ ಒಂದು ಕಡೆ ಸೇರಲ್ಲ, ನನಗೆ ಅದೇ ಸರ್ಟಿಫಿಕೇಟು.

ಓನರ್ರಿಗೆ ಅರವತ್ತರ ಹತ್ರ ವಯಸ್ಸಿರ್ಬೇಕು, ಎಲ್ರೂ ಅವರನ್ನ ಭಾಯ್ ಅಂತಾರೆ, ನಾನೂ ಹಂಗೇ ಕರೆದೆ. ಕನ್ನಡ ಉರ್ದು ತಮಿಳು ಮೂರೂ ಒಂದೇ ವಾಕ್ಯದಲ್ಲಿ ಬರುತ್ತೆ. ನಾನು ಹೋಗಿ "ಭಾಯ್, ಗ್ಯಾಸ್ ನಿಲ್ತಿಲ್ಲ" ಅಂದೆ. ಅವರು ಗೇಜ್ ತಗೊಳ್ಳೋದಕ್ಕೆ ಮುಂಚೆ ಟಾರ್ಚ್ ತಗೊಂಡ್ರು. ಅದೇ ನನಗೆ ಇಷ್ಟವಾಗಿದ್ದು. ಪೈಪ್ ಮೇಲೆ ಬೆರಳು ಎಳ್ಕೊಂಡು ಹೋಗಿ ಕಂಪ್ರೆಸರ್ ಹತ್ರ, ರಬ್ಬರ್ ಮುಗಿದು ಅಲ್ಯೂಮಿನಿಯಂ ಶುರುವಾಗೋ ಜಾಗದಲ್ಲಿ ನಿಲ್ಸಿ ಬೆರಳು ತೋರ್ಸಿದ್ರು, ಕಪ್ಪಗೆ ಜಿಡ್ಡು. "ಇಲ್ಲಿ ಧೂಳು ಹಿಡಿದಿದೆ ನೋಡಿ ಸರ್, ಬರೀ ಧೂಳಾದ್ರೆ ಒಣಗಿರ್ಬೇಕಿತ್ತು, ಇದು ಆಯಿಲ್ ಬಂದಿರೋದು, ಆಯಿಲ್ ಬಂದ್ರೆ ಗ್ಯಾಸೂ ಬಂದಿದೆ." ಕಾರಿನ ಬಾನೆಟ್ ಎತ್ತಿ ನೀವೂ ನೋಡ್ಬಹುದು ಇದನ್ನ, ಬೇರೆ ಕಡೆ ಒಣ ಧೂಳಿದ್ದು ಒಂದು ಜಾಯಿಂಟ್ ಹತ್ರ ಮಾತ್ರ ಜಿಡ್ಡು ಧೂಳು ಇದ್ರೆ ಮೊದ್ಲು ಅಲ್ಲೇ ಅನುಮಾನ ಪಡಿ.

ಆದ್ರೆ ಬರೀ ಅನುಮಾನದ ಮೇಲೆ ಪೈಪ್ ಬಿಚ್ಚಿಲ್ಲ ಅವರು. ಉಳಿದಿದ್ದ ಗ್ಯಾಸ್ ತೆಗೆದು ನೈಟ್ರೋಜನ್ ಸಿಲಿಂಡರ್ ಕನೆಕ್ಟ್ ಮಾಡಿ ಪ್ರೆಶರ್ 150 ಪಿಎಸ್‌ಐ (ಟೈರ್‌ಗೆ ಗಾಳಿ ಹಾಕುವಾಗ ಹೇಳೋ ಅದೇ ಅಳತೆ) ಹತ್ರ ನಿಲ್ಸಿದ್ರು. ಗಾಳಿ ಯಾಕೆ ಹಾಕಲ್ಲ ಅಂದ್ರೆ ಗಾಳಿಯಲ್ಲಿ ನೀರಿನ ಪಸೆ ಇರುತ್ತೆ, ಎಸಿ ಒಳಗೆ ಪಸೆ ಹೋದ್ರೆ ಕೆಲಸ ಕೆಟ್ಟಂಗೆ, ಅದಕ್ಕೆ ಒಣ ನೈಟ್ರೋಜನ್. ಆಮೇಲೆ ಒಬ್ಬ ಹುಡುಗ ಒಂದು ಹಳೇ ಬಾಟ್ಲಲ್ಲಿ ಸೋಪಿನ ನೀರು, ಒಂದು ಪೇಂಟ್ ಬ್ರಷ್ ತಗೊಂಡು ಬಂದು ಪ್ರತಿ ಜಾಯಿಂಟ್‌ಗೂ ಬಳೀತಾ ಬಂದ. ಕಂಡೆನ್ಸರ್ ಹತ್ರ ಏನೂ ಇಲ್ಲ, ಗ್ಯಾಸ್ ತುಂಬಿಸೋ ಸರ್ವಿಸ್ ವಾಲ್ವ್ ಹತ್ರ ಇಲ್ಲ, ಸಕ್ಷನ್ ಪೈಪ್ (ಕೂಲಿಂಗ್ ಕಾಯಿಲ್‌ನಿಂದ ಕಂಪ್ರೆಸರ್‌ಗೆ ವಾಪಸ್ ಬರೋದು) ಹತ್ರ ಇಲ್ಲ. ಡಿಸ್ಚಾರ್ಜ್ ಪೈಪ್‌ನ ಆ ಕಪ್ಪು ಜಾಗಕ್ಕೆ ಬಳಿದ ಮೇಲೆ ಮೊದ್ಲು ಏನೂ ಕಾಣ್ಲಿಲ್ಲ, ಭಾಯ್ "ತಡಿ" ಅಂದ್ರು, ಸ್ವಲ್ಪ ಹೊತ್ತಿಗೆ ರಬ್ಬರ್ ತುದಿಯನ್ನ ಹಿಡಿದಿರೋ ಅಲ್ಯೂಮಿನಿಯಂ ಬಳೆಯ ಅಂಚಿನಿಂದ ಸಾಸಿವೆ ಕಾಳಿಗಿಂತ ಚಿಕ್ಕ ಗುಳ್ಳೆಗಳು ಒಂದರ ಹಿಂದೆ ಒಂದು ಬಂದು ಬಿಳೀ ನೊರೆ ಕಟ್ಟಿತು. ಆಮೇಲೆ ಅವರು ಪೈಪ್ ಹಿಡ್ದು ಒಂಚೂರು ಬಗ್ಗಿಸಿದ್ರು ನೋಡಿ, ಗುಳ್ಳೆ ದಬದಬ ಅಂತ ಜಾಸ್ತಿ ಆಯ್ತು. ಇಷ್ಟು ದಿನ ನಮ್ಮ ಏರಿಯಾದವ್ರು ಗಾಡಿ ನಿಲ್ಸಿ ಗೇಜ್ ನೋಡಿದ್ರೆ ಇದು ಹೆಂಗೆ ಗೊತ್ತಾಗ್ಬೇಕು, ಗಾಡಿ ನಿಂತಾಗ ಎರಡೂ ಕಡೆ ಪ್ರೆಶರ್ ಸಮ ಆಗಿ 100ರ ಆಸುಪಾಸು ಇರುತ್ತೆ, ಓಡುವಾಗ ಆ ಪೈಪ್‌ನಲ್ಲಿ 200 ದಾಟುತ್ತೆ, ಜೊತೆಗೆ ಕೈ ಇಡೋಕಾಗದಷ್ಟು ಬಿಸಿ, ಮೇಲೆ ಇಂಜಿನ್ ಅಲ್ಲಾಟ, ಲೀಕ್ ಜಾಸ್ತಿ ಆಗೋದು ಆಗಲೇ.

ಅಷ್ಟಕ್ಕೂ ಅಲ್ಲಿ ರಬ್ಬರ್ ಯಾಕೆ, ಪೂರ್ತಿ ಅಲ್ಯೂಮಿನಿಯಂ ಪೈಪೇ ಹಾಕ್ಬಹುದಲ್ಲ ಅಂತ ನಾನೇ ಕೇಳ್ದೆ. ಕಂಪ್ರೆಸರ್ ಕೂತಿರೋದು ಇಂಜಿನ್ ಮೇಲೆ, ಇಂಜಿನ್ ಕೂತಿರೋದು ರಬ್ಬರ್ ಮೌಂಟ್ ಮೇಲೆ, ಸ್ಟಾರ್ಟ್ ಮಾಡಿದ್ರೂ ಗೇರ್ ಹಾಕಿದ್ರೂ ಎಸಿ ಕ್ಲಚ್ ಟಕ್ ಅಂತ ಹಿಡ್ಕೊಂಡ್ರೂ ಅದು ಅಲ್ಲಾಡುತ್ತೆ. ಕಂಡೆನ್ಸರ್ ರೇಡಿಯೇಟರ್ ಮುಂದೆ ಕಾರಿನ ಬಾಡಿಗೆ ಬೋಲ್ಟ್ ಆಗಿ ಗಟ್ಟಿಯಾಗಿ ಕೂತಿದೆ. ಒಂದು ಅಲ್ಲಾಡುತ್ತೆ, ಒಂದು ಅಲ್ಲಾಡಲ್ಲ, ಮಧ್ಯೆ ಗಟ್ಟಿ ಪೈಪ್ ಹಾಕಿದ್ರೆ ಬಿರುಕು ಬಿಡುತ್ತೆ, ಅದಕ್ಕೇ ರಬ್ಬರ್. ಇದನ್ನ ಹೇಳ್ತಾ ಅವರು ಇಂಜಿನ್ ಸ್ಟಾರ್ಟ್ ಮಾಡ್ಸಿ, ಕ್ಲಚ್ ಬಿಟ್ಟು ಹಿಡ್ದು ಮಾಡಿ ಅಂದ್ರು, ಇಂಜಿನ್ ಒಂದು ಕಡೆಗೆ ಜಾಸ್ತಿನೇ ವಾಲ್ತಿತ್ತು. "ಮೌಂಟ್ ಹೋಗಿದೆ ಸರ್, ಅದು ನಮ್ಮತ್ರ ಇಲ್ಲ, ನಿಮ್ಮ ಮೆಕ್ಯಾನಿಕ್ ಹತ್ರ ಹಾಕ್ಸ್ಕೊಳ್ಳಿ, ಹಾಕ್ಸಿಲ್ಲ ಅಂದ್ರೆ ನನ್ನ ಪೈಪ್‌ನೂ ಎಳೆದು ಎಳೆದು ಕೆಡಿಸುತ್ತೆ, ಆಮೇಲೆ ಭಾಯ್ ಕೆಲಸ ಸರಿಯಿಲ್ಲ ಅಂತೀರಿ." ತನಗೆ ಒಂದು ಪೈಸೆ ಬರದ ವಿಷ್ಯ ಇದು. ಮೌಂಟ್ ಬದಲಾಯಿಸಿದ ಮೇಲೆ ಗೇರ್ ಹಾಕುವಾಗಿನ ಆ ಧಡಕ್ ಕೂಡ ನಿಂತಿದೆ, ಬೋನಸ್ಸು.

ಈಗ ಮುಖ್ಯ ಪ್ರಶ್ನೆ, ಕಂಪನಿ ಪೈಪಾ ಇಲ್ಲಾ ಮಾಡಿಸಿದ ಪೈಪಾ. ಕಂಪನಿ ಪೈಪ್ ಒಂದಕ್ಕೇ 4,400 ಅಂದ್ರು ಸ್ಪೇರ್ಸ್ ಅಂಗಡಿಯಲ್ಲಿ, ಅದೂ ಆರ್ಡರ್ ಹಾಕಿ ಕಾಯ್ಬೇಕು. ಹೊಸ ಗಾಡಿ, ವಾರಂಟಿ ಇದೆ ಅಂದ್ರೆ ಕಣ್ಣು ಮುಚ್ಕೊಂಡು ಕಂಪನಿದೇ ಹಾಕ್ಸಿ, ಎರಡನೇ ಮಾತಿಲ್ಲ. ಹಳೇ ಗಾಡಿಗೆ ಮಾಡಿಸಿದ ಪೈಪು ಯಾವ ರೀತಿಯಲ್ಲೂ ಕಮ್ಮಿ ಇಲ್ಲ ಅನ್ನೋದು ನನ್ನ ಅಭಿಪ್ರಾಯ, ಆದ್ರೆ ಎರಡು ಷರತ್ತು, ರಬ್ಬರ್ ಸರಿಯಾದ್ದಿರ್ಬೇಕು, ಪ್ರೆಸ್ (ತುದಿಯ ಬಳೆಯನ್ನ ಹೋಸ್ ಮೇಲೆ ಒತ್ತಿ ಕೂರಿಸೋದು) ಸರಿಯಾದ್ದಿರ್ಬೇಕು. ಈ ಎರಡರಲ್ಲಿ ಒಂದು ತಪ್ಪಿದ್ರೂ ಮೂರು ತಿಂಗಳಲ್ಲಿ ಮತ್ತೆ ಅದೇ ಅಂಗಡಿ ಮುಂದೆ ನಿಂತಿರ್ತೀರ.

ರಬ್ಬರ್ ಬಗ್ಗೆ. ಈ ಗ್ಯಾಸು ಆರ್ 134ಎ. ಹಿಂದೆ ಹಳೇ ಕಾರುಗಳಲ್ಲಿ ಇದ್ದಿದ್ದು ಆರ್ 12, ಅದು ಓಝೋನ್ ಪದರಕ್ಕೆ ಕೆಟ್ಟದ್ದು ಅಂತ 1987ರ ಮಾಂಟ್ರಿಯಲ್ ಒಪ್ಪಂದ ಆದ್ಮೇಲೆ ನಿಧಾನಕ್ಕೆ ಹೋಯ್ತು. 134ಎ ಕಣ ಅದಕ್ಕಿಂತ ಚಿಕ್ಕದು, ಹಳೇ ಕಾಲದ ಸಾದಾ ರಬ್ಬರ್ ಪೈಪ್ ಮೂಲಕ ಸಲೀಸಾಗಿ ನುಸುಳುತ್ತೆ, ಅದಕ್ಕೇ ಈಗಿನ ಹೋಸ್ ಒಳಗೆ ನೈಲಾನ್‌ನ ಒಂದು ಪದರ ಇರುತ್ತೆ, ಬ್ಯಾರಿಯರ್ ಹೋಸ್ ಅಂತಾರೆ. ಭಾಯ್ ಹಳೇ ಪೈಪನ್ನ ಬ್ಲೇಡ್‌ನಲ್ಲಿ ಕೊಯ್ದು ತೋರ್ಸಿದ್ರು, ಹೊರಗೆ ಕಪ್ಪು ರಬ್ಬರ್, ಅದರ ಕೆಳಗೆ ದಾರದ ಹೆಣಿಗೆ, ಅದರೊಳಗೆ ಮತ್ತೆ ರಬ್ಬರ್, ಅಲ್ಲೇ ತೆಳ್ಳಗೆ ಹೊಳೆಯೋ ನೈಲಾನು. ಪೈಪ್ ಮಧ್ಯೆ ರಬ್ಬರ್ ಇನ್ನೂ ಮೆತ್ತಗೆ ಚೆನ್ನಾಗೇ ಇತ್ತು, ತುದಿಯಲ್ಲಿ ಬಳೆ ಕೆಳಗಿನದು ಮಾತ್ರ ಬಿಸಿಗೆ ಗಟ್ಟಿಯಾಗಿ ಉಗುರಲ್ಲಿ ಒತ್ತಿದ್ರೆ ಪುಡಿಯಾಗ್ತಿತ್ತು. ರಬ್ಬರ್ ಗಟ್ಟಿಯಾಗಿ ಕುಗ್ಗಿದೆ, ಬಳೆ ಹಂಗೇ ಇದೆ, ಮಧ್ಯೆ ಕೂದಲಷ್ಟು ಸಂದು, ಲೀಕ್ ಅಂದ್ರೆ ಅಷ್ಟೇ. ಹೊಸ ಹೋಸ್ ಮೈಮೇಲೆ ಉದ್ದಕ್ಕೂ ಎಸ್‌ಎಇ ಜೆ2064 ಅಂತ ಪ್ರಿಂಟ್ ಇತ್ತು, ಅದು 134ಎ ಹೋಸ್‌ಗಿರೋ ಸ್ಟ್ಯಾಂಡರ್ಡು, ನೀವು ಎಲ್ಲಿ ಮಾಡ್ಸಿದ್ರೂ ಅದನ್ನ ಓದ್ಕೊಳ್ಳಿ. ಪ್ರಿಂಟ್ ಇಲ್ದಿರೋ ರಬ್ಬರ್, ಅಥವಾ ನೀರಿನ ಪೈಪು ಪೆಟ್ರೋಲ್ ಪೈಪು ತಂದು "ಇದೂ ಅದೇ ಸರ್" ಅಂದ್ರೆ ಚಾವಿ ಈಸ್ಕೊಂಡು ಹೊರಟ್ಬಿಡಿ. ಸೈಜ್ ನಂಬರ್‌ನಲ್ಲಿ ಹೇಳ್ತಾರೆ, 6, 8, 10, 12, ದಪ್ಪ ಆಗ್ತಾ ಹೋಗುತ್ತೆ. ನಮ್ಮದು 8 ನಂಬರ್. ಸಕ್ಷನ್ ಪೈಪ್ ಇದಕ್ಕಿಂತ ದಪ್ಪ ಇರುತ್ತೆ, ಮುಟ್ಟಿದ್ರೆ ತಣ್ಣಗಿರುತ್ತೆ.

ತುದಿಗಳ ಕೆಲಸ ನಿಜವಾಗ್ಲೂ ನೋಡೋ ಹಂಗಿದೆ. ಎರಡೂ ಕಡೆ ಅಲ್ಯೂಮಿನಿಯಂ ಪೈಪಿನ ತಿರುವು ಆ ಕಾರಿಗೇ ಅಂತ ಮಾಡಿರೋದು, ಅದು ಬಜಾರಿನಲ್ಲಿ ಸಿಗಲ್ಲ, ಅದಕ್ಕೆ ಅದನ್ನ ಉಳಿಸ್ಕೊಂಡು ಹಳೇ ಬಳೆ ಇರೋ ತುಂಡನ್ನ ಕತ್ತರಿಸಿ ತೆಗೆದು ಅಲ್ಲಿಗೆ ಹೊಸ ತುದಿ ಆರ್ಗಾನ್ ವೆಲ್ಡಿಂಗ್ ಮಾಡಿಸಿದ್ರು, ವೆಲ್ಡಿಂಗ್ ಪಕ್ಕದ ಗಲ್ಲಿಯವ್ರದು. ಕತ್ತರಿಸೋಕೆ ಮುಂಚೆ ಹುಡುಗ ಒಂದು ಕೆಲಸ ಮಾಡ್ದ, ಪೈಪ್ ಪೂರ್ತಿ ಉದ್ದಕ್ಕೂ ಬಿಳೀ ಮಾರ್ಕರ್‌ನಲ್ಲಿ ಒಂದು ಗೆರೆ ಎಳೆದ, ಎರಡೂ ತುದಿ ಒಂದಕ್ಕೊಂದು ಯಾವ ಕೋನದಲ್ಲಿದ್ವು ಅಂತ ಗುರುತಿಗೆ. ಇದು ತಪ್ಪಿದ್ರೆ ಪೈಪ್ ತಿರುಚ್ಕೊಂಡು ಕೂರುತ್ತೆ, ತಿರುಚಿದ ಪೈಪ್ ಬಾಳಲ್ಲ. ಉದ್ದವೂ ಅಷ್ಟೇ ಮುಖ್ಯ, ಕಮ್ಮಿ ಆದ್ರೆ ಎಳೆಯುತ್ತೆ, ಜಾಸ್ತಿ ಆದ್ರೆ ಎಲ್ಲೋ ಫ್ಯಾನ್‌ಗೋ ಎಕ್ಸಾಸ್ಟ್‌ಗೋ ತಾಗುತ್ತೆ.

ಪ್ರೆಸ್ ಮಾಡೋದು ಹೈಡ್ರಾಲಿಕ್ ಕ್ರಿಂಪಿಂಗ್ ಮೆಷಿನ್‌ನಲ್ಲಿ. ಹೋಸ್ ಒಳಗೆ ಸ್ವಲ್ಪ ಕಂಪ್ರೆಸರ್ ಆಯಿಲ್ ಸವರಿ ತುದಿ ತೂರಿಸ್ತಾರೆ, ಬಳೆಯಲ್ಲಿ ಒಂದು ಚಿಕ್ಕ ಕಿಂಡಿ ಇದೆ, ಆ ಕಿಂಡಿಯಲ್ಲಿ ರಬ್ಬರ್ ಕಾಣ್ಬೇಕು, ಕಂಡ್ರೆ ಮಾತ್ರ ಹೋಸ್ ಪೂರ್ತಿ ಒಳಗೆ ಹೋಗಿದೆ ಅಂತ. ಹುಡುಗ ಟಾರ್ಚ್ ಬಿಟ್ಟು ನೋಡಿ ಭಾಯ್‌ಗೂ ತೋರ್ಸಿದ, ಆಮೇಲೆ ಸೈಜಿಗೆ ತಕ್ಕ ಡೈ ಹಾಕಿ ಒತ್ತಿದ. ಸುತ್ತಲೂ ಒಂದೇ ಸಮ ಅಚ್ಚು ಬಿದ್ದಿದೆ. ಕೆಲವು ಕಡೆ ಬೆಂಚ್ ವೈಸ್‌ಗೆ ಕೊಟ್ಟು ಒತ್ತೋದು, ಇಲ್ಲಾ ಸ್ಕ್ರೂ ಕ್ಲಿಪ್ ಹಾಕಿ ಟೈಟ್ ಮಾಡೋದು ನೋಡಿದೀನಿ, ನೀರಿನ ಪೈಪ್‌ಗೆ ಸರಿ ಅದು, ಇನ್ನೂರು ಮುನ್ನೂರು ಪಿಎಸ್‌ಐ ತಡ್ಕೊಳ್ಳೋ ಪೈಪ್‌ಗೆ ಅಲ್ಲ. ಪೈಪ್ ರೆಡಿಯಾದ್ಮೇಲೆ ಕಾರಿಗೆ ಹಾಕೋಕೆ ಮುಂಚೆನೇ ಒಂದು ತುದಿ ಮುಚ್ಚಿ ನೈಟ್ರೋಜನ್ ಹೊಡೆದು ಬಕೆಟ್ ನೀರಲ್ಲಿ ಮುಳುಗಿಸಿದ್ರು. ಒಂದು ಗುಳ್ಳೆ ಇಲ್ಲ.

ಫಿಟ್ಟಿಂಗ್ ಬೇಗ ಮುಗೀತು. ಹಳೇ ಓ ರಿಂಗ್ ಬಿಸಾಕಿ ಹಸಿರು ಬಣ್ಣದ ಹೊಸದು ಹಾಕಿದ್ರು, ಆಯಿಲ್ ಸವರಿ, ಒಣಗಿದ್ದು ಹಾಕಿದ್ರೆ ಟೈಟ್ ಮಾಡುವಾಗ ಹರಿದುಹೋಗುತ್ತೆ. ಅಲ್ಯೂಮಿನಿಯಂ ನಟ್‌ಗೆ ಎರಡು ಸ್ಪ್ಯಾನರ್, ಒಂದರಲ್ಲಿ ಹಿಡ್ಕೊಂಡು ಇನ್ನೊಂದರಲ್ಲಿ ತಿರುಗಿಸೋದು, ಇಲ್ಲಾಂದ್ರೆ ಪೈಪೇ ತಿರುಚುತ್ತೆ. ಪೈಪನ್ನ ಬಾಡಿಗೆ ಹಿಡಿಯೋ ಕ್ಲಿಪ್ ನಮ್ಮ ಗಾಡಿಯಲ್ಲಿ ಇರ್ಲೇ ಇಲ್ಲ, ಯಾವಾಗ್ಲೋ ಯಾರೋ ಬಿಚ್ಚಿ ಹಾಕಿಲ್ಲ, ಅದಕ್ಕೊಂದು ರಬ್ಬರ್ ಒಳಪದರದ ಕ್ಲಿಪ್ ಹುಡುಕಿ ಹಾಕಿದ್ರು. ಡ್ರೈಯರ್ ಬದಲಾಯಿಸಲೇಬೇಕಾ ಅಂತ ಕೇಳ್ದೆ, 650 ಉಳಿಯುತ್ತಲ್ಲ ಅಂತ. ಅದರೊಳಗಿನ ಕಾಳು ಪಸೆ ಹೀರೋಕೇ ಇರೋದು, ವರ್ಷಗಟ್ಲೆ ಲೀಕ್ ಇದ್ದ ಸಿಸ್ಟಮ್‌ನಲ್ಲಿ ಅದು ಆಗ್ಲೇ ತುಂಬಿರುತ್ತೆ, ಪಸೆ ಉಳಿದ್ರೆ ಎಕ್ಸ್‌ಪಾನ್ಶನ್ ವಾಲ್ವ್ ಹತ್ರ ಐಸ್ ಕಟ್ಟುತ್ತೆ, ಆಯಿಲ್ ಜೊತೆ ಸೇರಿ ಆಸಿಡ್ ಆಗಿ ಒಳಗಿಂದ ತಿನ್ನುತ್ತೆ. ಹಾಕಿ ಅಂದೆ.

ಆಮೇಲೆ ವ್ಯಾಕ್ಯೂಮ್. ಗೇಜ್ ಮುಳ್ಳು 27 ಇಂಚ್ (ಪಾದರಸದ ಲೆಕ್ಕದಲ್ಲಿ) ಹತ್ರ ಹೋಗಿ ನಿಲ್ತು. ಎಲ್ಲಾ ವಿಡಿಯೋದಲ್ಲೂ 30 ಬರ್ಬೇಕು ಅಂತಾರಲ್ಲ ಭಾಯ್, ನಿಮ್ಮ ಪಂಪ್ ವೀಕಾ ಅಂತ ಕೇಳ್ದೆ, ನಕ್ಕುಬಿಟ್ರು. "ಅದು ಮಂಗಳೂರಲ್ಲಿ ಬರುತ್ತೆ ಸರ್, ಮದ್ರಾಸಲ್ಲಿ ಬರುತ್ತೆ, ಬೆಂಗಳೂರಲ್ಲಿ ಎಲ್ಲಿಂದ ಬರ್ಬೇಕು." ಹೌದಲ್ವಾ, ನಾವಿರೋದು ಸಮುದ್ರಮಟ್ಟದಿಂದ 900 ಮೀಟರ್‌ಗೂ ಮೇಲೆ, ಇಲ್ಲಿ ಗಾಳಿಯ ಒತ್ತಡಾನೇ ಸುಮಾರು 27 ಇಂಚ್, ಇರೋದಕ್ಕಿಂತ ಜಾಸ್ತಿ ಗೇಜ್ ಹೆಂಗೆ ತೋರ್ಸುತ್ತೆ. ಇಷ್ಟು ವರ್ಷ ಕೈಯಲ್ಲಿ ಗೇಜ್ ಹಿಡಿದವರಿಗೆ ಮಾತ್ರ ಹೊಳೆಯೋ ಮಾತು ಇದು. ಮುಕ್ಕಾಲು ಗಂಟೆ ಪಂಪ್ ಓಡ್ತು, ಆಮೇಲೆ ವಾಲ್ವ್ ಮುಚ್ಚಿ ಪಂಪ್ ಆಫ್ ಮಾಡಿ ಮುಳ್ಳು ವಾಪಸ್ ಬರುತ್ತಾ ಅಂತ ಕಾದ್ರು. ಬರ್ಲಿಲ್ಲ. ಈ ಕಾಯೋ ಹೊತ್ತಲ್ಲಿ ನಾನು ಲಾಲ್‌ಬಾಗ್ ರೋಡ್ ಕಡೆ ನಡ್ಕೊಂಡು ಹೋಗಿ ಎಂಟಿಆರ್‌ನಲ್ಲಿ ರವೆ ಇಡ್ಲಿ ತಿಂದು ಬಂದೆ, ಅದೂ ಈ ಅಂಗಡಿಯ ಒಂದು ಪ್ಲಸ್ ಪಾಯಿಂಟ್ ಅಂತ ಬರ್ಕೊಳ್ಳಿ.

ಗ್ಯಾಸ್ ಹಾಕಿದ್ದು ತೂಕದ ಮೇಲೆ, ಇದನ್ನ ಒತ್ತಿ ಹೇಳ್ತಿದೀನಿ. ಬಾನೆಟ್ ಒಳಗೆ ಸ್ಟಿಕ್ಕರ್ ಇರುತ್ತೆ, ನಮ್ಮದರಲ್ಲಿ 380 ಗ್ರಾಂ ಅಂತಿದೆ, ಡಬ್ಬಿಯನ್ನ ತಕ್ಕಡಿ ಮೇಲೆ ಇಟ್ಟು ಅಷ್ಟೇ ಬಿಟ್ರು. ತುಂಬಾ ಕಡೆ ಗೇಜ್ ನೋಡ್ಕೊಂಡು ಅಂದಾಜಲ್ಲಿ ತುಂಬಿಸ್ತಾರೆ, ಜಾಸ್ತಿ ಆದ್ರೆ ಇನ್ನೂ ತಣ್ಣಗಾಗುತ್ತೆ ಅನ್ನೋದು ಸುಳ್ಳು, ಪ್ರೆಶರ್ ಏರಿ ಕೂಲಿಂಗ್ ಕಮ್ಮಿನೇ ಆಗುತ್ತೆ, ಕಂಪ್ರೆಸರ್‌ಗೂ ಹೊರೆ. ಕಳ್ಕೊಂಡ ಆಯಿಲ್ಲಿಗೆ ಬದಲಾಗಿ ಸ್ಟಿಕ್ಕರ್‌ನಲ್ಲಿ ಬರೆದಿದ್ದ ಗ್ರೇಡ್‌ನದ್ದೇ ಅಳೆದು ಹಾಕಿದ್ರು. ಆನ್ ಮಾಡಿದ್ಮೇಲೆ ಮಧ್ಯದ ವೆಂಟ್‌ನಲ್ಲಿ ಥರ್ಮಾಮೀಟರ್ ಕಡ್ಡಿ ಸಿಕ್ಕಿಸಿದ್ರು, ಹೊರಗೆ 34 ಡಿಗ್ರಿ, ವೆಂಟ್‌ನಲ್ಲಿ 7. ಪ್ರೆಶರ್ ಲೋ ಸೈಡ್ (ಸಕ್ಷನ್ ಕಡೆ) 35 ಪಿಎಸ್‌ಐ ಹತ್ರ, ಹೈ ಸೈಡ್ (ಡಿಸ್ಚಾರ್ಜ್ ಕಡೆ) 200 ದಾಟಿ. ನಾನೇ ಫೋಟೋ ತೆಗೆದಿಟ್ಕೊಂಡೆ.

ಈಗ ಆ ಒಂದು ಸ್ಟಾರ್ ಯಾಕೆ ಕಟ್ ಅಂತ. ಹಳೇ ಗ್ಯಾಸ್ ತೆಗೆದ್ರು ಅಂತ ಮೇಲೆ ಬರೆದ್ನಲ್ಲ, ತೆಗೆದಿದ್ದು ಅಂದ್ರೆ ವಾಲ್ವ್ ಒತ್ತಿ ಬೀದಿಗೆ ಬಿಟ್ಟಿದ್ದು. ಸ್‌ಸ್‌ಸ್ ಅಂತ ಹೋಯ್ತು. ಈ ಗ್ಯಾಸ್ ಓಝೋನ್‌ಗೆ ಏನೂ ಮಾಡಲ್ಲ, ಆದ್ರೆ ಭೂಮಿ ಬಿಸಿ ಮಾಡೋದ್ರಲ್ಲಿ ಇಂಗಾಲದ ಡೈಆಕ್ಸೈಡ್‌ಗಿಂತ 1430 ಪಟ್ಟು ಜಾಸ್ತಿ, ನಮ್ಮ ಕಾರಿನ 380 ಗ್ರಾಂ ಪೂರ್ತಿ ಹೊರಗೆ ಬಿಟ್ರೆ ಅರ್ಧ ಟನ್‌ಗೂ ಮೀರಿ ಡೈಆಕ್ಸೈಡ್ ಬಿಟ್ಟಂಗೆ ಲೆಕ್ಕ. ಇದನ್ನ ವಾಪಸ್ ಎಳ್ಕೊಂಡು ಸಿಲಿಂಡರ್‌ಗೆ ತುಂಬೋ ರಿಕವರಿ ಮೆಷಿನ್ ಇದೆ, ಇಷ್ಟು ಕೆಲಸ ಗೊತ್ತಿರೋ ಅಂಗಡಿಯಲ್ಲಿ ಅದು ಇಲ್ಲ. ಕೇಳಿದ್ದಕ್ಕೆ "ಮೆಷಿನ್ ರೇಟ್ ನೋಡಿದೀರಾ ಸರ್, ಅದರ ದುಡ್ಡು ಯಾವ ಗಿರಾಕಿ ಕೊಡ್ತಾರೆ" ಅಂದ್ರು. ಅವರ ಮಾತಲ್ಲೂ ನ್ಯಾಯ ಇದೆ, ಆದ್ರೂ ಬೇಜಾರಾಯ್ತು. ಈ ಥರದ ಗ್ಯಾಸ್ ಕಮ್ಮಿ ಮಾಡೋ ಕಿಗಾಲಿ ಒಪ್ಪಂದಕ್ಕೆ ನಮ್ಮ ದೇಶ 2021ರಲ್ಲೇ ಒಪ್ಪಿಗೆ ಕೊಟ್ಟಿದೆ, ಅದು ಜೆಸಿ ರೋಡ್ ಗಲ್ಲಿಗೆ ಬರೋದು ಯಾವಾಗ್ಲೋ.

ಚಿಕ್ಕಪುಟ್ಟ ಕಿರಿಕಿರಿ ಇನ್ನೂ ಇವೆ. ಕೂರೋಕೆ ಜಾಗ ಇಲ್ಲ, ಎರಡು ಪ್ಲಾಸ್ಟಿಕ್ ಸ್ಟೂಲು, ಅದರಲ್ಲೊಂದರ ಕಾಲು ಅಲ್ಲಾಡುತ್ತೆ. ಟಾಯ್ಲೆಟ್ ಇಲ್ಲ, ಮನೆಯವ್ರನ್ನ ಮಕ್ಕಳನ್ನ ಕರ್ಕೊಂಡು ಹೋಗ್ಬೇಡಿ. ಮಧ್ಯೆ ಟ್ರಾಫಿಕ್ ಪೊಲೀಸ್ ಬಂದ್ರೆ ಅರ್ಧ ಬಿಚ್ಚಿದ ಗಾಡಿನ ತಳ್ಕೊಂಡು ಹೋಗೋ ಪರಿಸ್ಥಿತಿ. ವಾರಂಟಿ ಬಾಯಿಮಾತಲ್ಲಿ ಒಂದು ವರ್ಷ, ಬಿಲ್ ಹಿಂದೆ ಬರ್ಸ್ಕೊಂಡೆ, ಕೇಳಿದ್ರೆ ಬರೆದು ಸೈನ್ ಹಾಕಿ ಕೊಡ್ತಾರೆ, ಕೇಳ್ದೆ ಇದ್ರೆ ಕೊಡಲ್ಲ. ಹಳೇ ಪೈಪೂ ಕೇಳಿ ಈಸ್ಕೊಳ್ಳಿ.

ಮಾಡ್ಸಿದ್ಮೇಲೆ ಒಂದು ಪೂರ್ತಿ ಬೇಸಿಗೆ ಹೋಗಿದೆ, ಮೇ ತಿಂಗಳಲ್ಲಿ ರಾಯಚೂರಿಗೂ ಹೋಗ್ಬಂದ್ವಿ, ಮಾವನವ್ರು ಹಿಂದಿನ ಸೀಟಿನಲ್ಲಿ ಟವೆಲ್ ಹೊದ್ಕೊಂಡು ಫ್ಯಾನ್ ಕಮ್ಮಿ ಮಾಡ್ರಿ ಅಂದ್ರು. ಮೊನ್ನೆ ಅಲ್ಲೇ ಹೋಗಿ ಗೇಜ್ ಹಾಕ್ಸಿ ನೋಡ್ದೆ, ಪ್ರೆಶರ್ ಹಂಗೇ ಇದೆ, ಪೈಪ್ ತುದಿಯಲ್ಲಿ ಜಿಡ್ಡೇ ಇಲ್ಲ. ಅದಕ್ಕೆ ಭಾಯ್ ದುಡ್ಡು ತಗೊಳ್ಲಿಲ್ಲ, ಟೀ ಕುಡ್ಸಿ ಕಳಿಸಿದ್ರು.

ಹೋಗೋರು ಭಾನುವಾರ ಹೋಗ್ಬೇಡಿ, ಬಾಗಿಲು ಹಾಕಿರುತ್ತೆ. ಬೆಳಿಗ್ಗೆ ಹತ್ತಕ್ಕೆ ಶಟರ್ ತೆಗೆಯೋ ಹೊತ್ತಿಗೆ ಹೋದ್ರೆ ಗಾಡಿ ನಿಲ್ಸೋಕೆ ಜಾಗ ಸಿಗುತ್ತೆ, ಸಾಯಂಕಾಲದೊಳಗೆ ಕೆಲಸ ಮುಗಿಯುತ್ತೆ. ಮಾರ್ಚ್ ಕಳೆದ್ರೆ ಟ್ಯಾಕ್ಸಿಯವ್ರ ಸಾಲು ಉದ್ದ ಆಗುತ್ತೆ, ಅದಕ್ಕೆ ಜನವರಿ ಫೆಬ್ರವರಿಯಲ್ಲೇ ತೋರಿಸ್ಕೊಂಡ್ಬಿಡಿ. ಹಿಂದಿನ ದಿನ ಇಂಜಿನ್ ಮಾತ್ರ ವಾಶ್ ಮಾಡ್ಸ್ಕೊಂಡು ಹೋಗ್ಬೇಡಿ ಮತ್ತೆ, ಆ ಜಿಡ್ಡು ಗುರುತೆಲ್ಲಾ ತೊಳೆದುಹೋಗಿರುತ್ತೆ, ಭಾಯ್ ಮೊದ್ಲು ಅದಕ್ಕೇ ಬೈಯೋದು.